ಸುರಂಗದ ರೈಲಿನಲ್ಲಿ ಅವ್ವ ಕೈಮುಗಿದದ್ದು

ಮುಂಡರಗಿಯ ಹೈಸ್ಕೂಲಿನಲ್ಲಿ ನನ್ನ ತಮ್ಮ ನೀಲಪ್ಪನಿಗೆ ಸತ್ಕಾರ ಇಟ್ಟುಕೊಂಡಿದ್ದಾರೆ ಎಂಬ ಸುದ್ದಿ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಮ್ಮವ್ವ, ಅಮೃತವ್ವ. ಹಿಗ್ಗಿದವಳು ಸುಮ್ಮನೆ ಮನೆಯಲ್ಲಿ ಕೂತಳೇ? ಡಂಬಳದ ಓಣಿ ಓಣಿಗೂ ಹೋಗಿ ಹೇಳಿ ಬಂದಳು. ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸಲು ಕೊಟ್ಟು ಕಾಯುತ್ತಿದ್ದವರನ್ನೂ ಬಿಡಲಿಲ್ಲ.

"ನಮ್ಮ ನೀಲ್ಯಾಗ ಶಾಲು ಹೊದಸ್ತಾರಂತ. ನೀವೆಲ್ಲಾ ಬರಬೇಕ ಮತ್ತ. ಒಬ್ಬಾರೂ ತಪ್ಪಸಬ್ಯಾಡ್ರಿ."

ಕೊನೆಗೆ ದಾದಾಪೀರನ ಟ್ರ್ಯಾಕ್ಟರ್ ಗೊತ್ತು ಮಾಡಿ, ಟ್ರೇಲರಿನಲ್ಲಿ ಚಾಪೆ ಹಾಸಿ, ನಮ್ಮ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಏರಿಸಿಕೊಂಡು ಹೊರಟಳು. ಇದಕ್ಕೆಂದೇ ಬೆಟಗೇರಿಯಿಂದ ಹೊಸ ಸೀರೆ ತರಿಸಿ ಉಟ್ಟಿದ್ದಳು. ಅದರ ಗಂಜಿ ಇನ್ನೂ ಇಳಿದಿರಲಿಲ್ಲ. ಕೂತಾಗಲೂ ನಿಂತಾಗಲೂ ಸರಬರ ಸಪ್ಪಳ ಮಾಡುತ್ತಿತ್ತು.

ಇದು ಎಂಬತ್ತಾರನೆಯ ಇಸವಿಯ ಮಾತು. ನೀಲಪ್ಪ ಕಲಕತ್ತೆಯಲ್ಲಿ ಹೊಸದಾಗಿ ಶುರುವಾಗಿದ್ದ ಸುರಂಗದ ರೈಲಿನಲ್ಲಿ ಎಂಜಿನಿಯರ್ ಆಗಿದ್ದ. ನಮ್ಮ ವಂಶದಲ್ಲಿ ಹೊಲ, ರಂಟೆ ಬಿಟ್ಟು, ಊರೂ ಬಿಟ್ಟು ಅಷ್ಟು ದೂರ ಹೋದವನು ಅವನೊಬ್ಬನೇ. ಅವನ ಅಕ್ಕ ನಾನು, ಕಳಕವ್ವ. ಡಂಬಳದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವವಳು. ನನ್ನನ್ನು ಊರಲ್ಲೇ ಕೊಟ್ಟದ್ದರಿಂದ ಅವ್ವನ ಮಾತೆಲ್ಲ ಕೇಳುವ ಭಾಗ್ಯ ನನ್ನದೇ.

ಹಿಂದಿನ ಚಳಿಗಾಲದಲ್ಲಿ ನೀಲಪ್ಪ ಬಂದು ಅವ್ವನನ್ನು ಕಲಕತ್ತೆಗೆ ಕರೆದುಕೊಂಡು ಹೋಗಿದ್ದ. ಗದಗಿನ ಸ್ಟೇಷನ್ನಿನಲ್ಲಿ ಹೊಗೆ ಉಗುಳುವ ಕಲ್ಲಿದ್ದಲ ಗಾಡಿ ಬಿಟ್ಟರೆ ಬೇರೆ ರೈಲು ಕಾಣದ ಜೀವ ಅದು. ತಿರುಗಿ ಬಂದ ಮೇಲೆ ತಿಂಗಳುಗಟ್ಟಲೆ ಅದೇ ಕಥೆ. ಕಾಳಿಯ ಗುಡಿ, ದೊಡ್ಡ ಸೇತುವೆ, ಮೀನಿನ ನಾತ, ಇವೆಲ್ಲ ಒಂದೊಂದು ಮಾತಿನಲ್ಲಿ ಮುಗಿಯುತ್ತಿದ್ದವು. ರೈಲಿನದು ಮಾತ್ರ ಮುಗಿಯುತ್ತಿರಲಿಲ್ಲ. ನಮ್ಮ ಕಟ್ಟೆಯ ಮೇಲೆ ನೆರೆಮನೆಯ ಹನಮಂತವ್ವ, ಫಕೀರಬಿ ಶೇಂಗಾ ಸುಲಿಯುತ್ತ ಕೂತರೆ ಸಾಕು, ಅವ್ವನ ಗಾಡಿ ಹೊರಡುತ್ತಿತ್ತು.

"ಹೊಗಿ ಇಲ್ಲ, ಮ್ಯಾಲ ತಂತಿ ಇಲ್ಲ. ಎರಡು ಹಳಿ ಬಾಜೂಕ ಇನ್ನೊಂದು ಹಳಿ. ಮೂರನೇದ್ದು. ಕರೆಂಟ್ ಹರಿಯೂದು ಅದರಾಗ. ಗಾಡಿ ಅದಕ್ಕೊಂದು ಕಬ್ಬಣದ ಪಾದಾ ತಾಗಿಸಿಕೊಂಡು ಓಡ್ತೈತಿ. ಹಳಿ ಹಳಿ ಕೂಡೂ ಜಾಗಾದಾಗ ಆ ಮೂರನೇದ್ದು ಒಂದೀಟು ದೂರದತನಕಾ ಇರೂದಿಲ್ಲ. ಪಾದಾ ಬಿಟ್ಟಕೂಡ್ಲೆ ಭಗ್ ಅಂತ ನೀಲಿ ಬೆಂಕಿ! ಸುರಂಗದ ಗ್ವಾಡಿ ಎಲ್ಲಾ ನೀಲಿ! ಒಳಗಿನ ದೀಪಾ ಹೋಗಿಬಿಡ್ತಾವು. ಕಣ್ಣು ಮುಚ್ಚಿ ತಗಿಯೂದ್ರಾಗ ಮತ್ತ ಬರ್ತಾವು."

"ಅಂಜಿಕಿ ಬರಲಿಲ್ಲೇನವಾ ನಿನಗ?" ಎಂದು ಫಕೀರಬಿ ಕೇಳುತ್ತಿದ್ದಳು. ಉತ್ತರ ಅವಳಿಗೆ ಬಾಯಿಪಾಠವಾಗಿತ್ತು, ಆದರೂ ಕೇಳುತ್ತಿದ್ದಳು.

"ಯಾತರ ಅಂಜಿಕಿ? ಹೋತು, ಬಂತು, ಕೈ ಮುಗದೆ. ಮತ್ತ ಹೋತು, ಬಂತು, ಮತ್ತ ಮುಗದೆ. ನನ್ನ ಮಗಾ ಆ ಹಳಿ ಮ್ಯಾಲಾ ಕೆಲಸಾ ಮಾಡಾಂವ. ನನ್ನ ಜೋಡಿನಾ ಇದ್ದ, ಆದ್ರ ಒಮ್ಮೆರ ನನ್ನ ಕಡೆ ತಿರಗಿ ನೋಡಲಿಲ್ಲ ನೋಡ. ಇಳಿಯೂತನಕ ಕಿಡಕ್ಯಾಗ ಕಣ್ಣಿಟ್ಟು ನಿಂತಿದ್ದ. ಕೆಲಸದ ಮ್ಯಾಲ ಅಷ್ಟು ಲಕ್ಷ್ಯ ಅವನದು!"

ಕಥೆಯ ತುದಿ ಅದೇ. ಬೆಂಕಿಗಿಂತ, ದೀಪಕ್ಕಿಂತ, ಮಗ ತನ್ನ ಕೆಲಸದಲ್ಲಿ ತಾಯಿಯನ್ನೂ ಮರೆತು ನಿಂತಿದ್ದ ಎಂಬುದೇ ಅವಳಿಗೆ ದೊಡ್ಡದು. ಅದನ್ನು ಹೇಳುವಾಗ ಕೈಯಲ್ಲಿದ್ದ ಶೇಂಗಾ ಕೆಳಗಿಡುತ್ತಿದ್ದಳು.

ನಮ್ಮ ಕಡೆ ದೀಪಕ್ಕೆ ಕೈಮುಗಿಯುವುದು ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಮುಸ್ಸಂಜೆ ಚಿಮಣಿ ಹಚ್ಚಿದರೂ ಅಷ್ಟೇ, ಗುಂಡಿ ಒತ್ತಿದರೂ ಅಷ್ಟೇ, ಹೋದ ಕರೆಂಟು ತಿರುಗಿ ಬಂದರೂ ಅಷ್ಟೇ. ಜಗಳವಾಡುತ್ತಿದ್ದವರು ಕೂಡ ಒಂದು ಗಳಿಗೆ ಕೈ ಜೋಡಿಸಿ, ಆಮೇಲೆ ಜಗಳ ಮುಂದುವರಿಸುತ್ತಾರೆ. ಅವ್ವ ಕಲಕತ್ತೆಯಲ್ಲೂ ಹಾಗೇ ಮಾಡಿದಳೆಂದು ಕೇಳಿ ಡಂಬಳದಲ್ಲಿ ಯಾರೂ ನಕ್ಕಿರಲಿಲ್ಲ. ನಗುವುದಕ್ಕೆ ಅದರಲ್ಲಿ ಏನಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಸತ್ಕಾರಕ್ಕೆ ನಾವು ಹೋಗಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ನೀಲಪ್ಪ ಕಲಕತ್ತೆಯಿಂದ ನೇರ ಮುಂಡರಗಿಗೇ ಬಂದಿದ್ದ. ಅವನಿಗೆ ಗಣಿತ ಕಲಿಸಿದ್ದ ಮಾರ್ತಾಂಡ ಮಾಸ್ತರರು ಈಗ ಹೆಡ್ ಮಾಸ್ತರರು. ಅವ್ವನನ್ನು ಕಂಡದ್ದೇ ವೇದಿಕೆಯಿಂದ ಇಳಿದು ಬಂದರು.

"ಅಮೃತವ್ವಾ, ನೀವೂ ಮ್ಯಾಲೆ ಬಂದು ಕೂಡ್ರಿ. ಇಂಥಾ ಮಗನ್ನ ಹಡದವರು ನೀವ, ನಾವಲ್ಲ."

ಅವ್ವ ಸೆರಗು ಸರಿಪಡಿಸಿಕೊಂಡು ಒಂದು ಹೆಜ್ಜೆ ಇಟ್ಟಿದ್ದಳು. ಅಷ್ಟರಲ್ಲಿ ನೀಲಪ್ಪ, "ಬ್ಯಾಡ್ರಿ ಸರ್, ಮಂದ್ಯಾಗ ಅಕಿಗೆ ಸಂಕೋಚ ಆಗ್ತೈತಿ" ಎಂದ.

ನಾನು ಅವನ ಮುಖವನ್ನೇ ನೋಡಿದೆ. ಇಡೀ ಓಣಿಯನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದವಳಿಗೆ ಸಂಕೋಚವೇ? ಆದರೆ ಮಗ ಅಂದ ಮೇಲೆ ಮುಗಿಯಿತು. "ಹೌದ್ರಿ ಮಾಸ್ತರ, ನಾ ಇಲ್ಲೇ ಕುಂಡ್ರತೀನಿ" ಎಂದು ಅವ್ವ ಹಿಂದೆ ಸರಿದು, ಹೆಂಗಸರ ಕಡೆ ಹಾಸಿದ್ದ ಚಾಪೆಯ ಮೊದಲ ಸಾಲಿನಲ್ಲಿ ಕೂತಳು. ನಾನು ಅವಳ ಹಿಂದೆ ಕೂತೆ.

ಶಾಲು ಹೊದಿಸಿದರು, ಹಾರ ಹಾಕಿದರು. ನೀಲಪ್ಪ ಮಾತಿಗೆ ನಿಂತ. ಸುರಂಗ ಹೇಗೆ ಕೊರೆದರು, ಮೂರನೆಯ ಹಳಿ ಏಕೆ ಬೇಕು, ಎಲ್ಲ ಚೆನ್ನಾಗಿಯೇ ಹೇಳಿದ. "ಹರಿಯುತ್ತಿರುವ ವಿದ್ಯುತ್ತನ್ನು ಒಮ್ಮೆಲೇ ತುಂಡರಿಸಿದರೆ ಅದು ತಕ್ಷಣ ನಿಲ್ಲುವುದಿಲ್ಲ. ನಡುವಿನ ಗಾಳಿಯನ್ನೇ ದಾರಿ ಮಾಡಿಕೊಂಡು ದಾಟುತ್ತದೆ. ಆಗ ಆ ಗಾಳಿ ಸೀಸ, ಕಬ್ಬಿಣ ಕರಗುವಷ್ಟು ಕಾಯುತ್ತದೆ. ಇದು ಗಾಡಿಯ ದೋಷವಲ್ಲ, ವಿದ್ಯುತ್ತಿನ ಸ್ವಭಾವ. ಅದರಿಂದ ಗಾಡಿಯ ಪಾದ ಬೇಗ ಸವೆಯದಂತೆ ನೋಡಿಕೊಳ್ಳುವುದೇ ನನ್ನ ಕೆಲಸ." ಅವ್ವ ಪಕ್ಕದ ಹನಮಂತವ್ವನನ್ನು ಮೊಣಕೈಯಿಂದ ತಿವಿದಳು, ನಾನು ಹೇಳಿದ್ದೇ ಹೇಳುತ್ತಿದ್ದಾನೆ ನೋಡು ಎಂಬಂತೆ.

ಆದರೆ ಹಿಂದಿನ ಸಾಲಿನ ಹುಡುಗರು ಆಕಳಿಸತೊಡಗಿದ್ದರು. ವೇದಿಕೆಯ ಮೇಲಿದ್ದ ಒಬ್ಬ ಹಿರಿಯರು ಗಡಿಯಾರ ನೋಡಿಕೊಂಡರು. ನೀಲಪ್ಪನಿಗೆ ಅದು ಕಂಡಿತು. ಪುಸ್ತಕದ ಭಾಷೆ ಬಿಟ್ಟು, ನಮ್ಮ ಮಾತಿಗೆ ಇಳಿದ.

"ಒಂದು ಮಜಾ ಹೇಳ್ತೀನಿ ಕೇಳ್ರಿ. ಹೋದ ವರ್ಷ ನಮ್ಮ ಗಾಡ್ಯಾಗ ಈ ಕಡ್ಯಾಕಿ ಒಬ್ಬಾಕಿ ಮುದುಕಿ ಬಂದಿದ್ಲು. ದೀಪಾ ಹೋದ್ರ ಸುಮ್ಮನಿರೂದು, ಬಂದ್ರ ಎರಡೂ ಕೈ ಎತ್ತಿ 'ಶರಣೋ ಎಪ್ಪಾ' ಅಂತ ಒದರೂದು! ಮತ್ತ ಹೋತು, ಬಂತು, ಮತ್ತ ಶರಣೋ ಎಪ್ಪಾ! ಆಕಿಗೆ ಅದು ರೈಲೋ ಗುಡಿಯೋ ಗೊತ್ತಿಲ್ಲ!"

ಹುಡುಗರು ಹೋ ಎಂದು ನಕ್ಕರು. ಮುಂಡರಗಿಯ ದೊಡ್ಡವರೂ ನಕ್ಕರು. ಅವನು ಕೈ ಎತ್ತಿ ತೋರಿಸಿದ ರೀತಿಗೆ ನನ್ನ ತುಟಿಯೂ ಅರ್ಧ ಬಿರಿದಿತ್ತು, ಸುಳ್ಳೇಕೆ ಹೇಳಲಿ. ನಗು ಕೇಳಿದ್ದೇ ನೀಲಪ್ಪನಿಗೆ ಹುರುಪು ಏರಿತು.

"ಇಡೀ ಡಬ್ಬಿ ಆಕಿ ಕಡೆ ನೋಡಿ ನಗಾಕ ಹತ್ತಿತು. ಅದರಾಗ ನಮ್ಮ ದೊಡ್ಡ ಸಾಹೇಬ್ರೂ ಇದ್ರು. 'ಯಾರ್ರಿ ಈ ಮುದುಕಿ, ನಿಮ್ಮ ಪೈಕೀನ ಏನು?' ಅಂತ ಕೇಳಿದ್ರು. ನಾ ಏನ ಹೇಳ್ಲಿ? ಗೊತ್ತಿಲ್ರಿ ಅಂದೆ. ಅಂದಾಂವ ಕಿಡಕಿ ಕಡೆ ಮಾರಿ ತಿರುವಿ, ಇಳಿಯೂತನಕ ಗ್ವಾಡಿ ನೋಡಕೊಂತ ನಿಂತಬಿಟ್ಟೆ!"

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಹೆಸರು ಹೇಳದಿದ್ದರೆ ಮುದುಕಿ ಯಾರೆಂದು ಯಾರಿಗೆ ಗೊತ್ತಾಗುತ್ತದೆ ಎಂದು ಅವನ ಲೆಕ್ಕ. ತಾಯಿಗೂ ಗೊತ್ತಾಗದು ಎಂದುಕೊಂಡನೋ, ಅಥವಾ ಆ ನಗುವಿನಲ್ಲಿ ತಾಯಿ ಕೂತಿದ್ದನ್ನೇ ಮರೆತನೋ, ನನಗೆ ಇಂದಿಗೂ ತಿಳಿದಿಲ್ಲ. ಆ ಕಥೆಯನ್ನು ಅವ್ವ ಊರಿಗೆಲ್ಲ ಹೇಳಿದ್ದಾಳೆ, ಟ್ರೇಲರಿನಲ್ಲಿ ಬಂದವರಿಗೆಲ್ಲ ಅದು ಬಾಯಿಪಾಠವಾಗಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಡಂಬಳದ ಹೆಂಗಸರು ಒಬ್ಬರೂ ನಗಲಿಲ್ಲ. ಹನಮಂತವ್ವ ಅವ್ವನ ಕಡೆ ನೋಡಿದಳು, ನೋಡಬಾರದಿತ್ತು ಎನಿಸಿತೇನೋ, ತಟ್ಟನೆ ತಲೆ ತಗ್ಗಿಸಿ ಚಾಪೆಯ ಎಳೆ ಕೀಳತೊಡಗಿದಳು. ನನಗಂತೂ ಎದ್ದು ಹೋಗಿ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ನೆಲದೊಳಗೆ ಇಳಿದು ಹೋಗಬೇಕು ಅಂತಲೂ ಅನ್ನಿಸಿತು. ಅವ್ವನ ಮುಖ ನನಗೆ ಕಾಣುತ್ತಿರಲಿಲ್ಲ. ಬೆನ್ನು ಕಾಣುತ್ತಿತ್ತು. ಅವಳು ಎರಡೂ ಕೈಗಳನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಅಷ್ಟು ಹೊತ್ತು ಸಪ್ಪಳ ಮಾಡುತ್ತಿದ್ದ ಸೀರೆ ಸುಮ್ಮನಾಯಿತು.

ಆಗಲೇ ಕರೆಂಟು ಹೋಯಿತು.

ಆ ದಿನಗಳಲ್ಲಿ ಅದೇನು ಹೊಸದಲ್ಲ. ಹುಡುಗರು ಸಿಳ್ಳೆ ಹಾಕಿದರು, ಯಾರೋ ಕಂದೀಲು ತರಲು ಕೂಗಿದರು. ಹೊರಗೆ ಬೆಳಕು ಅಷ್ಟಿಷ್ಟು ಇತ್ತು, ಒಳಗೆ ಮುಖ ಕಾಣದಷ್ಟು ಕತ್ತಲು. "ಅಮೃತವ್ವಾ, ನೀರ ಕುಡೀತೀ ಏನವಾ?" ಎಂದು ಫಕೀರಬಿ ಪಿಸುಗುಟ್ಟಿದಳು.

ಕಂದೀಲು ಬರುವುದಕ್ಕೆ ಮೊದಲೇ ದೀಪ ಬಂತು. ಬಂದದ್ದೇ ತಡ, ಸಭೆಯ ಕೈಗಳೆಲ್ಲ ಜೋಡಿಸಿಕೊಂಡವು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ಹುಡುಗರು ಮುಗಿದರು. ಗಡಿಯಾರ ನೋಡಿಕೊಂಡಿದ್ದ ಹಿರಿಯರು ಮುಗಿದರು. ಮಾರ್ತಾಂಡ ಮಾಸ್ತರರು ಕಣ್ಣು ಮುಚ್ಚಿ ಮುಗಿದರು. ಫಕೀರಬಿ "ಬಿಸ್ಮಿಲ್ಲಾ" ಎಂದು ಬೆರಳು ಕಣ್ಣಿಗೆ ಒತ್ತಿಕೊಂಡಳು. ಮೈಕಿನ ಮುಂದೆ ಹಾರ ಹಾಕಿಕೊಂಡು ನಿಂತಿದ್ದ ನೀಲಪ್ಪ, ಕಲಕತ್ತೆಯ ಎಂಜಿನಿಯರ್ ನೀಲಪ್ಪ, ಅವನೂ ಎರಡೂ ಕೈ ಜೋಡಿಸಿ ನಿಂತಿದ್ದ.

ಮುಗಿಯದವಳು ಒಬ್ಬಳೇ. ಅವ್ವನ ಕೈಗಳು ಸೆರಗಿನೊಳಗೇ ಇದ್ದವು.

ನೀಲಪ್ಪ ಅದನ್ನು ನೋಡಿದ. ಆಮೇಲೆ ಅವಳ ಅಕ್ಕಪಕ್ಕದ ಮುಖಗಳನ್ನು ನೋಡಿದ, ಒಂದೊಂದಾಗಿ. ಅವರಿಗೆಲ್ಲ ಗೊತ್ತಿದೆ ಎಂಬುದು ಅವನಿಗೆ ಆಗ ತಿಳಿಯಿತು. ಮುಗಿದ ಕೈಯನ್ನು ಇಳಿಸುವುದು ಕೂಡ ಅವನಿಗೆ ಮರೆತಂತಾಯಿತು. "ಆ ಮುದುಕಿ..." ಎಂದ. ಮೈಕು ಗುಂಯ್ ಎನ್ನುತ್ತಿತ್ತು. ಹುಡುಗರು ಇನ್ನೊಂದು ನಗೆಮಾತು ಬರುತ್ತದೆಂದು ಕಾಯುತ್ತಿದ್ದರು.

"ಮುಂದ ಹೇಳೊಪಾ, ಮಂದಿ ಕುಂತಾರ" ಎಂದಳು ಅವ್ವ ಕೆಳಗಿನಿಂದ. ಸಿಟ್ಟಿರಲಿಲ್ಲ ಅದರಲ್ಲಿ. ಸಭೆಯಲ್ಲಿ ತಡವರಿಸುವ ಯಾರ ಮಗನಿಗಾದರೂ ಅವಳು ಹಾಗೇ ಹೇಳುತ್ತಿದ್ದಳು.

ಅವನು ಎಲ್ಲರಿಗೂ ನಮಸ್ಕಾರ ಎಂದು ಕೂತುಬಿಟ್ಟ. ತಿರುಗಿ ಬರುವಾಗ ಟ್ರೇಲರಿನಲ್ಲಿ ಹೆಂಗಸರು ಮಳೆ, ಬೆಳೆ, ಮೆಣಸಿನಕಾಯಿ ದರ ಎಲ್ಲ ಮಾತಾಡಿದರು. ನೀಲಪ್ಪ ನಮ್ಮ ಜೊತೆಯೇ ಬಂದ, ದಾದಾಪೀರನ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತು, ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.

ಮರುದಿನ ಸಂಜೆ ಗದಗಿನ ಬಸ್ಸಿಗೆ ಅವನು ಹೊರಡುವುದಿತ್ತು. ಅವ್ವ ಬೆಳಗಿನಿಂದ ಎಂದಿನಂತೆಯೇ ಇದ್ದಳು. ಕಟಕರೊಟ್ಟಿ ಬಡಿದಳು, ಶೇಂಗಾ ಚಟ್ನಿ ಕುಟ್ಟಿದಳು, ಅವನ ಚೀಲಕ್ಕೆ ತುಂಬಿದಳು. ಅವನಿಗೆ ಬೈಯಲು ನಾನು ರಾತ್ರಿಯೆಲ್ಲ ಮಾತು ಕೂಡಿಸಿಟ್ಟುಕೊಂಡಿದ್ದೆ. ಆದರೆ ಅವನು ಹೋಗಿ ಅವ್ವನ ಮುಂದೆ, ಒಲೆಯ ಹತ್ತಿರ ನೆಲದ ಮೇಲೆ ಕೂತಾಗ ಅವನ ಮುಖ ನೋಡಿ ನನ್ನ ಮಾತೆಲ್ಲ ಬಾಯಲ್ಲೇ ಉಳಿದವು.

"ಯವ್ವಾ, ತಪ್ಪು ಮಾಡ್ದೆ ನಾ" ಎಂದ.

"ನಿಂದೇನ ತಪ್ಪಪಾ? ತಪ್ಪು ನಂದು" ಎಂದಳು ಅವ್ವ, ಚೀಲದ ಬಾಯಿ ಕಟ್ಟುತ್ತ. "ಅಷ್ಟು ದೊಡ್ಡ ಸಾಹೇಬ್ರ ಮುಂದ ನಿನ್ನ ಮಾನಾ ಕಳದೆ. ನನಗ ತಿಳೀಲಿಲ್ಲ. ಅಲ್ಲೇ ಒಂದ ಮಾತು ಹೇಳಿದ್ರ ಕೈ ಮುಗಿಯೂದು ಅಲ್ಲೇ ಬಿಡತಿದ್ನಲ್ಲೋ. ಹೇಳಬೇಕಪಾ. ನಾ ಹುಚ್ಚಿ, ಊರ ತುಂಬ ಬ್ಯಾರೇನ ಹೇಳಕೊಂತ ತಿರಗೀನಿ."

ನೀಲಪ್ಪ ಮೊಣಕಾಲಿನ ನಡುವೆ ತಲೆ ಹುದುಗಿಸಿ ಅಳತೊಡಗಿದ. ಅವ್ವ ಅವನ ಬೆನ್ನು ಸವರಿದಳು. ಬಸ್ಸಿಗೆ ಹೊತ್ತಾಗುತ್ತದೆ, ಮುಖ ತೊಳೆದುಕೋ ಎಂದಳು. ಮಧ್ಯಾಹ್ನ ಹೋಗಿದ್ದ ಕರೆಂಟು ಇನ್ನೂ ಬಂದಿರಲಿಲ್ಲ, ಒಳಗೆ ಮಬ್ಬು ಕವಿಯುತ್ತಿತ್ತು. ಅವನು ಮುಖ ತೊಳೆದು ಬಂದು ಚೀಲ ಹೆಗಲಿಗೆ ಹಾಕಿಕೊಂಡ.

ಅಷ್ಟರಲ್ಲಿ ನಡುಮನೆಯ ದೀಪ ಬಂತು. ನೀಲಪ್ಪ ಚೀಲ ಕೆಳಗೆ ಹಾಕಿ, ಎರಡೂ ಕೈ ಜೋಡಿಸಿ, ನನಗೆ ಕೇಳುವಷ್ಟು ಗಟ್ಟಿಯಾಗಿ "ಶರಣೋ ಎಪ್ಪಾ" ಎಂದ. ಎಂದವನು ಅವ್ವನನ್ನೇ ನೋಡುತ್ತ ನಿಂತ.

ಅವ್ವನ ಕೈಗಳು ಎದೆಯ ತನಕ ಎದ್ದವು, ಅಲ್ಲೇ ನಿಂತವು. ಅವಳು ಮೊದಲು ನೀಲಪ್ಪನ ಮುಖ ನೋಡಿದಳು. ಆಮೇಲೆ, ಹೊರಗೆ ಯಾರಾದರೂ ನೋಡುತ್ತಿದ್ದಾರೇನೋ ಎಂದು ಬಾಗಿಲ ಕಡೆ ನೋಡಿದಳು.