ಖಂಡೇಪೂಜೆಯ ದಿನ ನಿಂತ ಲೆಕ್ಕ

ನನ್ನ ಹೆಂಡತಿ ಭಾಗ್ಯಾ ಅಡರಕಟ್ಟಿಯವಳು, ಗದಗಿನ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಬೆಟಗೇರಿಯ ನಮ್ಮ ಮನೆಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ. ಮಗ್ಗದ ಕೋಣೆಯ ಮೂಲೆಯಲ್ಲಿಟ್ಟ ಕಂಪ್ಯೂಟರನ್ನು ಯಾರೂ ಬಂದ್ ಮಾಡಬಾರದು.

ಅದು ಒಂದು ಸಂಖ್ಯೆಯನ್ನು ಪರೀಕ್ಷಿಸುತ್ತಿತ್ತು. ಎರಡನ್ನು ಎರಡರಿಂದ ಗುಣಿಸುತ್ತ ಗುಣಿಸುತ್ತ ಹೋಗಿ ಕೊನೆಗೆ ಒಂದು ಕಳೆದರೆ ಬರುವ, ಕೋಟಿಗೂ ಮಿಕ್ಕಿದ ಅಂಕಿಗಳ ಸಂಖ್ಯೆ. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಅದು ಶೇಷವಿಲ್ಲದೆ ಭಾಗವಾಗದಿದ್ದರೆ ಅವಿಭಾಜ್ಯ. ಅಂಥದ್ದು ಸಿಕ್ಕರೆ ಜಗತ್ತೇ ತಿರುಗಿ ನೋಡುತ್ತದಂತೆ. ಇದರಿಂದ ಯಾರ ಹೊಟ್ಟೆ ತುಂಬುತ್ತದೆ ಎಂದು ಕೇಳಿ ಬೈಸಿಕೊಂಡಿದ್ದೇನೆ. ಎಳೆಗಳು ಸರಿಯಾಗಿ ಪಾಲಾದರೇನೇ ಸೀರೆಯ ಅಂಚು ಕೂಡುವುದು ಎಂದು ನಂಬಿದವನಿಗೆ, ಪಾಲಾಗದ್ದನ್ನು ಹುಡುಕುವವಳು ಗಂಟುಬಿದ್ದಿದ್ದಳು.

ನಮ್ಮವ್ವ ಹುಚ್ಚವ್ವನಿಗೆ ಮಾತ್ರ ಅದರ ಮೇಲೆ ಭಾರೀ ಮಮತೆ. ದಿನಾ ಅದರ ಮೇಲಿನ ನೂಲಿನ ಧೂಳು ಒರೆಸುತ್ತಿದ್ದಳು. ಸೊಸೆ ಒಡೆಯಲಾರದ ಸಂಖ್ಯೆ ಹುಡುಕುತ್ತಿದ್ದಾಳೆಂದು ಪಕ್ಕದ ಮನೆಯ ಮೋತಿಬಿಗೆ ಹೇಳಿ ಹೇಳಿ ಸಾಕುಮಾಡಿದ್ದಳು.

ಖಂಡೇಪೂಜೆ, ಅಂದರೆ ನವರಾತ್ರಿಯ ಆಯುಧಪೂಜೆ, ಬಂತು. ಅಂದು ಲಾಳಿ, ಮಗ್ಗ ಎಲ್ಲಕ್ಕೂ ವಿಶ್ರಾಂತಿ. ಭಾಗ್ಯಾ ತವರಿಗೆ ಹೋಗಿದ್ದಳು. ದುಡಿಯುವ ವಸ್ತು ಇವತ್ತಾದರೂ ದಣಿವಾರಿಸಿಕೊಳ್ಳಲಿ ಎಂದು ಅವ್ವ ಕಂಪ್ಯೂಟರಿನ ಸ್ವಿಚ್ ಆರಿಸಿ, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದಳು. ಭಾಗ್ಯಾ ಬಂದು ನೋಡಿ ನಕ್ಕುಬಿಟ್ಟಳು. ಮಾಡಿದ ಲೆಕ್ಕವನ್ನು ಕಂಪ್ಯೂಟರು ಆಗಾಗ ತಾನೇ ಉಳಿಸಿಟ್ಟುಕೊಂಡಿರುತ್ತದೆ, ಹೋದದ್ದು ಸ್ವಲ್ಪವೇ ಎಂದು ಮತ್ತೆ ಶುರುಮಾಡಿದಳು.

ದೀಪಾವಳಿ ಕಳೆದ ಮೇಲೆ ಉತ್ತರ ಬಂತು. ಸಂಖ್ಯೆ ಅವಿಭಾಜ್ಯವಲ್ಲ.

ಅವ್ವ ಊಟ ಬಿಟ್ಟಳು. ತನ್ನ ಕೈಯಿಂದಲೇ ಅದು ಒಡೆಯಿತು, ಸೊಸೆಯ ತಪಸ್ಸು ತನ್ನಿಂದಲೇ ಕೆಟ್ಟಿತು ಎಂದು ಒಂದೇ ಹಟ. ನನಗೆ ಆ ಡಬ್ಬಿಯ ಮೇಲೆ, ಸಂಖ್ಯೆಯ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಅವ್ವನ ತಾಟು ಹಾಗೇ ಆರುತ್ತಿರುವುದನ್ನು ನೋಡಲಾಗುತ್ತಿರಲಿಲ್ಲ.

ಭಾಗ್ಯಾ ಅವಳ ಎದುರು ಕುಳಿತಳು. "ನಾವು ಹುಟ್ಟೂಕಿಂತ ಮೊದ್ಲನೂ ಅದು ಹಂಗ ಇತ್ತರಿ ಅತ್ತಿ. ನಿಮ್ಮ ಕೈಲೆ ಏನೂ ಆಗಿಲ್ಲ."

ಮೊದಲೇ ಹಾಗಿದ್ದರೆ ಇಷ್ಟು ತಿಂಗಳು ಕರೆಂಟು ಸುಟ್ಟದ್ದೇಕೆ? ಕೇಳಲು ಹೋದೆ, ಹೆಂಡತಿ ಕಣ್ಣು ಬಿಟ್ಟಳು.

"ಹಂಗಾರ ಯಾವದ್ರಿಂದ ಭಾಗ ಆಗ್ತೈತವಾ?" ಅವ್ವ ಕೇಳಿದಳು.

"ಅದು ಗೊತ್ತಿಲ್ಲರಿ. ಭಾಗ ಆಗ್ತೈತಿ ಅನ್ನೂದಷ್ಟ ಈ ಪರೀಕ್ಷಾದಾಗ ತಿಳೀತೈತಿ. ಯಾವದ್ರಿಂದ ಅಂತ ಯಾರಿಗೂ ಗೊತ್ತಿಲ್ಲ."

ಇದೆಂಥ ಲೆಕ್ಕ ಎಂದು ನನ್ನ ತಲೆ ಗಿರ್ರೆಂದಿತು. ಅವ್ವ ಸೊಸೆಯ ಮುಖವನ್ನೇ ನೋಡುತ್ತಿದ್ದಳು.

"ಯಾವದ್ರಿಂದ ಅನ್ನೂದ ಗೊತ್ತಿಲ್ಲ. ಹಂಗಾರ ನನ್ನ ಕೈ ಅಲ್ಲ ಅಂತ ಹೆಂಗ ಹೇಳ್ತಿ?"

 ಭಾಗ್ಯಾ ಅವ್ವನನ್ನು ಎಬ್ಬಿಸಿ ಕಂಪ್ಯೂಟರಿನ ಮುಂದೆ ಕೂಡಿಸಿದಳು. ಇನ್ನೂ ದೊಡ್ಡದೊಂದು ಸಂಖ್ಯೆ ಹಾಕಿ, ಸ್ವಿಚ್ ಆರಿಸಿದ ಅದೇ ಬೆರಳು ಹಿಡಿದು ಶುರುಮಾಡುವ ಗುಂಡಿ ಒತ್ತಿಸಿದಳು.