ದೀಪಾವಳಿ ಮಳೆ ನೋಡದೆ ಮನೆ ಕೊಳ್ಳಬೇಡಿ

ಮಳೆಯ ವಿಷಯದಲ್ಲಿ ಶೀನನಿಗೆ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ಉಡುಪಿಯ ಕಡೆ ಹುಟ್ಟಿದವನು, ಮಳೆಯಲ್ಲೇ ಬೆಳೆದವನು. ಚೆನ್ನೈಗೆ ಬಂದು ವೆಸ್ಟ್ ಮಾಂಬಲಂನ ಸಸ್ಯಾಹಾರಿ ಹೋಟೆಲೊಂದರಲ್ಲಿ ದೊಡ್ಡ ಅಡುಗೆಭಟ್ಟನಾದ ಮೇಲೂ ಆ ಜಂಬ ಇಳಿದಿರಲಿಲ್ಲ. ಅವನು ಎಡವಿದ್ದೂ ಅಲ್ಲೇ.

ಅವನಿದ್ದ ಬಾಡಿಗೆ ಮನೆಯ ಗೋಡೆಗಳು ಸದಾ ತೇವ. ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತಿತ್ತು. ಮಗಳು ಅನ್ವಿತಾಗೆ ಉಬ್ಬಸ. ಮಳೆಗಾಲ ಬಂತೆಂದರೆ ಆ ಮಗು ಉಸಿರಿಗಾಗಿ ಒದ್ದಾಡುವುದನ್ನು ನೋಡಲಾಗುತ್ತಿರಲಿಲ್ಲ. ಗೋಡೆ ಒಣಗಿರುವ ಮನೆಗೆ ಹೋಗಿ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಶೀನ ಮತ್ತು ಅವನ ಹೆಂಡತಿ ತುಂಗಾ ಸ್ವಂತ ಮನೆ ಹುಡುಕತೊಡಗಿದರು.

2005ರ ಜುಲೈನಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ಒಂದು ಫ್ಲ್ಯಾಟ್ ಸಿಕ್ಕಿತು. ಕೊನೆಯ ಮಹಡಿ, ಮೇಲೆ ತಾರಸಿ. ಗೋಡೆಗೆಲ್ಲ ಹೊಸದಾಗಿ ಬಿಳಿ ಬಣ್ಣ ಬಳಿದಿದ್ದರು. ಇವರು ನೋಡಲು ಹೋದ ಸಂಜೆಯೇ ಒಂದು ಮಳೆಯೂ ಬಿತ್ತು. ಶೀನ ಗೋಡೆ ಸವರಿ ನೋಡಿದ. ಕೈಗೆ ತೇವ ತಾಗಲಿಲ್ಲ.

"ಆಟಿ ತಿಂಗಳ ಮಳೆಗೇ ಪಸೆ ಬರ್ಲಿಲ್ಲ. ಇನ್ನೆಂತ ನೋಡ್ಲಿಕ್ಕುಂಟು?" ಎಂದ. ಅವನೂರಿನಲ್ಲಿ ಜುಲೈ ಹೊತ್ತಿನ ಆಟಿ ತಿಂಗಳೆಂದರೆ ಜಡಿಮಳೆಯ ಕಾಲ.

"ಅಪ್ಪಾ, ಇಂಗೆಯುಂ ಅದೇ ವಾಸನೈ" ಎಂದಳು ಅನ್ವಿತಾ, ಮೂಗು ಹಿಡಿದುಕೊಂಡು. ಅವಳಿಗೆ ಮನೆಯಲ್ಲೂ ಶಾಲೆಯ ತಮಿಳೇ ಬಾಯಿಗೆ ಬರುವುದು. ಇಲ್ಲೂ ನಮ್ಮ ಮನೆಯ ಅದೇ ಬೂಷ್ಟು ವಾಸನೆ ಎಂದು ಮಗು ಹೇಳಿದರೆ, "ಅದು ಪೇಂಟ್‌ದು, ಸುಮ್ನಿರು" ಎಂದು ಅಪ್ಪ ಬಾಯಿ ಮುಚ್ಚಿಸಿದ.

ಮರುದಿನ ಶೀನನ ಎದುರೇ ತುಂಗಾ ಈ ಮಾತನ್ನು ಪಕ್ಕದ ಮನೆಯ ವೃಂದಾ ಹತ್ತಿರ ಹೇಳಿದಳು. ವೃಂದಾ ಮದರಾಸಿನಲ್ಲೇ ಹುಟ್ಟಿ ಬೆಳೆದವರು. ಕಟ್ಟಡದ ಇಂಜಿನಿಯರು. ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ.

"ಶೀನ ಅವರೇ, ನಿಮ್ಮೂರ ಮಳೆಗಾಲ ಈ ಊರಿಗೆ ಆಗಲ್ಲ. ಜುಲೈಲಿ ಇಲ್ಲಿ ಬರೋದು ಬರೀ ತೂರಲ್, ತುಂತುರು ತಾನೇ, ನೆಲ ಒದ್ದೆಯಾದ್ರೆ ಹೆಚ್ಚು. ನಿಜವಾದ ಮಳೆ ದೀಪಾವಳಿ ಹೊತ್ತಿಗೆ ಬರತ್ತೆ. ಗೋಡೆ ಬಣ್ಣ ಆಗ ಬಯಲಾಗತ್ತೆ."

"ಗೋಡೆ ಬೆಳ್ಳಗೆ ಹೊಳಿತಾ ಉಂಟಲ್ಲ ಮೇಡಂ?"

"ಬೆಳ್ಳಗಿರೋದೆಲ್ಲ ಹಾಲಲ್ಲಪ್ಪ. ಬನ್ನಿ, ನಾನೂ ನೋಡ್ತೀನಿ."

ಭಾನುವಾರ ಎಲ್ಲರೂ ಹೋದರು. ಮನೆ ಮಾರುವ ಮುರಳೀಧರ ಮರ್ಯಾದಸ್ಥರು, ಕಾಫಿ ಕೊಟ್ಟರು. ವೃಂದಾ ಕಾಫಿ ಕುಡಿದು ನೇರ ಮಲಗುವ ಕೋಣೆಯ ಬೀರುವನ್ನು ಸರಿಸಲು ಹೇಳಿದರು. ಅದರ ಹಿಂದೆ ಬಣ್ಣ ಬಿದ್ದಿರಲಿಲ್ಲ. ಅಲ್ಲಿ ಗೋಡೆಯ ಮೇಲೆ ತೇವ ಒಣಗಿ ಉಳಿದ ಉಪ್ಪಿನ ಬಿಳಿಪುಡಿ ಮೂಡಿತ್ತು. ಬೆರಳಿನಿಂದ ತಟ್ಟಿದರೆ ಗಾರೆ ಪೊಳ್ಳು ಸದ್ದು ಮಾಡಿತು. ತಾರಸಿಗೆ ಹತ್ತಿದರೆ ನೀರು ಇಳಿಯುವ ಕೊಳವೆಯ ಬಾಯಲ್ಲಿ ಕಸ, ನೆಲದ ಬಿಲ್ಲೆಗಳ ಸಂದಿಯಲ್ಲಿ ಬಿರುಕು.

"ಅದು ಹಳೇದು, ಈಗ ಏನೂ ಇಲ್ಲ" ಎಂದರು ಮುರಳೀಧರ. ಹಿಂದಿನ ವರ್ಷಗಳಲ್ಲಿ ಮಳೆಯೇ ಸರಿಯಾಗಿ ಬಿದ್ದಿರಲಿಲ್ಲವಾದ್ದರಿಂದ ಅವರೂ ಹಾಗೆಂದೇ ನಂಬಿದ್ದರು.

"ಹಾಗಾದ್ರೆ ಮಳೆ ಕಳೀಲಿ, ಆಮೇಲೆ ಕರಾರು ಮಾಡ್ಕೊಳ್ಳೋಣ" ಎಂದರು ವೃಂದಾ.

ಮನೆಗೆ ಬಂದ ಶೀನ ಸಿಡಿಮಿಡಿಗೊಂಡ. "ಅಷ್ಟರಲ್ಲಿ ಬೇರೆ ಯಾರಾದ್ರೂ ಹೊಡ್ಕೊಂಡು ಹೋಗ್ತಾರೆ ಮಾರಾಯ್ತಿ."

"ಹೋಗ್ಲಿ" ಎಂದಳು ತುಂಗಾ. "ನಾವು ಮನೆ ತಕೊಳ್ಳುದು ಯಾರಿಗೆ? ಈ ಮಗುವಿಗೆ. ಅವಳ ಮೂಗು ಬೇಡ ಹೇಳಿದೆ. ನಿಮ್ಮ ಆಟಿ ಮಳೆ ನಂಗೆ ಬೇಡ."

ಆ ವರ್ಷ ದೀಪಾವಳಿಗೆ ಮೊದಲೇ ಆಕಾಶ ತೂತಾದಂತೆ ಮಳೆ ಸುರಿಯಿತು. ಬೀದಿಯಲ್ಲಿ ಮೊಣಕಾಲುದ್ದ ನೀರು. ಶೀನ ಪಂಚೆ ಎತ್ತಿ ಕಟ್ಟಿ ಆ ಫ್ಲ್ಯಾಟಿಗೆ ಹೋದ. ಬೆಳ್ಳಗಿದ್ದ ಗೋಡೆಯ ಬಣ್ಣ ಪೂರಿಯಂತೆ ಉಬ್ಬಿತ್ತು. ಮೂಲೆಯಿಂದ ನೀರು ಜಿನುಗುತ್ತಿತ್ತು. ಮುರಳೀಧರ ಬಟ್ಟೆ ಹಿಡಿದು ಒರೆಸುತ್ತಾ ನಿಂತಿದ್ದರು. ಶೀನ ಗೋಡೆ ಸವರಿದ, ಅಂಗೈ ತುಂಬ ನೀರು. ಮಗಳನ್ನು ಈ ಕೋಣೆಯಲ್ಲಿ ಮಲಗಿಸುತ್ತಿದ್ದೆನಲ್ಲ ಎಂದುಕೊಂಡ. ಆಮೇಲೆ, ಸದ್ಯ ಕೊಳ್ಳಲಿಲ್ಲವಲ್ಲ ಎಂದು ಜೀವ ತಂಪಾಯಿತು.

ಮಳೆ ಕಳೆದ ಮೇಲೆ ಮುರಳೀಧರ ಕೊಳವೆಯ ಕಸ ತೆಗೆಸಿದರು, ತಾರಸಿಯ ಬಿಲ್ಲೆಗಳನ್ನು ತೆಗೆದು ಹೊಸದಾಗಿ ಹಾಸಿದರು. ಗೋಡೆಯ ಹಳೆ ಗಾರೆ ಕೆತ್ತಿ, ಬಿಸಿಲು ಗಾಳಿಗೆ ಪೂರ್ತಿ ಒಣಗಿಸಿದ ಮೇಲೆಯೇ ಹೊಸ ಗಾರೆ ಹಾಕಿಸಿದರು. ವೃಂದಾ ನೋಡಿ ಸೈ ಎಂದ ಮೇಲೆ ಶೀನ ಮನೆ ಕೊಂಡ.

ಮುಂದಿನ ದೀಪಾವಳಿಯ ಮಳೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಶೀನ ಗೋಡೆ ಸವರುತ್ತಲೇ ಇದ್ದ. ತುಂಗಾ ಮಗಳ ಉಸಿರಿಗೆ ಕಿವಿ ಕೊಟ್ಟು ಕುಳಿತಿದ್ದಳು. ಅನ್ವಿತಾ ಮಾತ್ರ ಗೋಡೆಗೆ ಮೂಗು ಹಚ್ಚಿ ಉದ್ದಕ್ಕೆ ಉಸಿರೆಳೆದಳು.

"ಅಪ್ಪಾ, ವಾಸನೈ ಇಲ್ಲೈ."

ಆ ಉಸಿರಿನಲ್ಲಿ ಒಂದಿಷ್ಟೂ ಗೊರಗೊರ ಇರಲಿಲ್ಲ. ತುಂಗಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ಮನೆ ನೋಡಲು ಹೋದರೆ ಹೊಸ ಬಣ್ಣಕ್ಕೆ ಮರುಳಾಗಬೇಡಿ. ಬೀರು ಸರಿಸಿ ನೋಡಿ, ಗೋಡೆ ತಟ್ಟಿ ನೋಡಿ, ತಾರಸಿ ಹತ್ತಿ ನೋಡಿ. ತಿಳಿದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಆ ಊರಿನ ದೊಡ್ಡ ಮಳೆ ಯಾವಾಗ ಎಂದು ಕೇಳಿಕೊಂಡು, ಸಾಧ್ಯವಾದರೆ ಅದು ಕಳೆಯುವವರೆಗೆ ತಡೆಯಿರಿ. ತೇವ ಕಂಡರೆ ನೀರು ಬರುವ ದಾರಿ ಮುಚ್ಚಿಸಿ. ಮೇಲೆ ಬಣ್ಣ ಬಳಿದರೆ ಸಾಲದು. ಮನೆಯಲ್ಲಿ ಮಗುವಿದ್ದರೆ ಅದನ್ನೂ ಕರೆದುಕೊಂಡು ಹೋಗಿ, ಅದು ಹೇಳಿದ್ದನ್ನು ಕೇಳಿ. ಆ ಗೋಡೆಗಳ ನಡುವೆ ಉಸಿರಾಡಬೇಕಾದದ್ದು ಅದೇ ಅಲ್ಲವೇ?