ಮೇಲೆ ಮಲಗಿದ್ದ ಗಂಡಸು

ಕಲ್ಯಾಣಪುರದ ಡುಲ್ಸಿನ್‌ಗೆ ಗೇಟಿನ ಸದ್ದಾದರೆ ಮೊದಲು ಕಾಣುವುದು ಕಳ್ಳ, ಆಮೇಲೆ ಮನುಷ್ಯ. ಗಂಡ ಜೇಮ್ಸ್ ಕುವೈತಿನಲ್ಲಿದ್ದ. ಮನೆಯಲ್ಲಿ ಅವಳು, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಸೊಂಟ ಮುರಿದು ಮಲಗಿದ ಅತ್ತೆ ಸೆರಾಫಿನ್, ಇಬ್ಬರೇ. ಇಬ್ಬರೇ ಎಂದು ಊರಿಗೆ ಸಾರಲು ಅವಳಿಗೇನು ತಲೆ ಕೆಟ್ಟಿದೆಯೇ? ಗಂಡನನ್ನು ಗಲ್ಫಿಗೆ ಕಳಿಸಿದ ಎಷ್ಟೋ ಹೆಂಗಸರಂತೆ ಅವಳೂ ಅವನ ಹಳೆಯ ಚಪ್ಪಲಿಯನ್ನು ಮೆಟ್ಟಿಲ ಮೇಲಿಟ್ಟು, ಆಗಾಗ ಅದಕ್ಕೆ ಸ್ವಲ್ಪ ಮಣ್ಣು ಮೆತ್ತುತ್ತಿದ್ದಳು.

ಡ್ರೋನು, ಬಾಂಬು ಎಂದು ಟಿವಿ ಗಂಟಲು ಹರಿದುಕೊಳ್ಳುತ್ತಿದ್ದ ಆ ಮೇ ತಿಂಗಳಲ್ಲಿ, ಕಿತ್ತಳೆ ಜಾಕೆಟ್ ತೊಟ್ಟ ಹೆಂಗಸೊಬ್ಬಳು ಪುಸ್ತಕ ಹಿಡಿದು ಬಂದಳು.

"ನಾನು ಮನೋರಮಾ, ಹಿರಿಯಡ್ಕದವಳು. ನಾಗರಿಕ ರಕ್ಷಣಾ ಪಡೆಯ ಸ್ವಯಂಸೇವಕಿ. ಮನೆಯಲ್ಲಿ ಎಷ್ಟು ಜನ ಇದ್ದೀರಿ ಬಾಯಿ? ಯಾರು ಎಲ್ಲಿ ಮಲಗುವುದು?"

"ಅದೆಲ್ಲ ನಿಮಗೆ ಎಂತಕ್ಕೆ?"

"ಬಾಂಬು ಬಿದ್ದು ಮನೆ ಕುಸಿದರೆ ಎಲ್ಲಿ ಅಗೆಯಬೇಕು ಅಂತ ನಮಗೆ ಗೊತ್ತಿರಬೇಕಲ್ವಾ?"

ಡುಲ್ಸಿನ್‌ಗೆ ಮೈಯೆಲ್ಲ ಉರಿಯಿತು. ಬಾಂಬಿನ ಹೆಸರಲ್ಲಿ ಮಲಗುವ ಕೋಣೆ ವಿಚಾರಿಸುವವರೂ ಹುಟ್ಟಿಕೊಂಡರಲ್ಲ! ಮನೋರಮಾ ಕೊರಳಲ್ಲಿದ್ದ ಗುರುತಿನ ಚೀಟಿ ಎತ್ತಿ ತೋರಿಸಿದಳು. ಅಂಥ ಚೀಟಿ ಉಡುಪಿಯ ಯಾವ ಜೆರಾಕ್ಸ್ ಅಂಗಡಿಯಲ್ಲೂ ಸಿಗುತ್ತದೆ.

"ನಾಲ್ಕು ಜನ. ನಾನು, ಗಂಡ, ಇಬ್ಬರು ಮೈದುನಂದಿರು. ಮಲಗುವುದೆಲ್ಲ ಮೇಲೆ. ಗಂಡ ಈಗಲೂ ಮೇಲೆ ಮಲಗಿದ್ದಾರೆ, ನೈಟ್ ಡ್ಯೂಟಿ."

"ನಡೆಯಲಾಗದವರು, ಹಾಸಿಗೆ ಹಿಡಿದವರು?"

"ಯಾರೂ ಇಲ್ಲ."

ಮನೋರಮಾ ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡಳು. ಆ ಶ್ರದ್ಧೆಯ ಮೇಲೂ ಡುಲ್ಸಿನ್‌ಗೆ ಅನುಮಾನವೇ.

ಮೂರನೆಯ ದಿನ ಸಂಜೆ ನಾಲ್ಕಕ್ಕೆ ಅಣಕು ಕಾರ್ಯಾಚರಣೆಯ ಸೈರನ್ ಕೂಗಿತು. ಡುಲ್ಸಿನ್ ಬಾಗಿಲು ಎಳೆದುಕೊಂಡು, ಓಣಿಯ ತುದಿಗೆ ಬಂಗುಡೆ ತರಲು ಹೋಗಿದ್ದಳು. ಜಾಕೆಟ್ ತೊಟ್ಟವರು ರಸ್ತೆಯಲ್ಲಿದ್ದ ಎಲ್ಲರನ್ನೂ ಇಗರ್ಜಿಯ ಮೈದಾನಕ್ಕೆ ಅಟ್ಟಿದರು, ಅವಳನ್ನೂ, ಮೀನಿನ ಚೀಲದ ಸಮೇತ.

"ನನಗೆ ಮನೆಗೆ ಹೋಗಬೇಕು."

"ನಿಮ್ಮ ಮನೆಗೆ ನಮ್ಮವರು ಹೋಗಿದ್ದಾರೆ ಬಾಯಿ. ಹೆದರಬೇಡಿ," ಎಂದಳು ಮನೋರಮಾ.

ಹೆದರಿಕೆ ಶುರುವಾದದ್ದೇ ಆಗ. ಒಳಗೆ ಅತ್ತೆ ಇದ್ದಾರೆ ಎನ್ನೋಣವೆಂದರೆ ಸುತ್ತ ಊರೇ ನಿಂತಿದೆ, ಹೇಳಿದ ಸುಳ್ಳು ಪುಸ್ತಕದಲ್ಲಿದೆ.

ಅಷ್ಟರಲ್ಲಿ ಬ್ರಯಾನ್ ಎಂಬ ಸ್ವಯಂಸೇವಕ ಏದುಸಿರು ಬಿಡುತ್ತಾ ಬಂದ. "ಜೇಮ್ಸರ ಮನೆಯ ಮೇಲಿನ ಕೋಣೆಯೆಲ್ಲ ನೋಡಿದೆವು. ಕೆಳಗೂ ಎರಡು ಸಲ ಕೂಗಿ ಕರೆದೆವು. ಯಾರೂ ಇಲ್ಲ. ಬಾಗಿಲಿಗೆ ಗುರುತು ಹಾಕಿದ್ದೇವೆ."

"ಎಂತ ಗುರುತು?" ಡುಲ್ಸಿನ್ ಕೇಳಿದಳು.

"ಹುಡುಕಿ ಮುಗಿದ ಮನೆ ಅಂತ. ಮತ್ತೆ ಅಲ್ಲಿಗೆ ಯಾರೂ ಹೋಗುವುದಿಲ್ಲ, ಬೇರೆಯವರನ್ನು ಉಳಿಸಬೇಕಲ್ವಾ," ಎಂದಳು ಮನೋರಮಾ. "ನಿಮ್ಮ ಗಂಡ ಎಲ್ಲಿ?"

"ಹೊರಗೆ ಹೋಗಿರಬೇಕು."

ಅಪಾಯ ಕಳೆಯಿತೆಂಬ ಸೈರನ್ ಕೂಗಿದ್ದೇ ತಡ, ಅವಳು ಓಡಿದಳು. ಬಾಗಿಲ ಮೇಲೆ ಸುಣ್ಣದಕಡ್ಡಿಯಲ್ಲಿ ಒಂದು ದೊಡ್ಡ ಸೊನ್ನೆ ಬರೆದಿತ್ತು. ಹಿಂದಿನ ಕೋಣೆಯಲ್ಲಿ ಅತ್ತೆ ಹೊದಿಕೆಯ ಅಂಚನ್ನು ಬಾಯಿಗೆ ತುರುಕಿಕೊಂಡು, ಬೆವರಿ ಒದ್ದೆಯಾಗಿ, ಗೋಡೆ ನೋಡುತ್ತಾ ಮಲಗಿದ್ದಳು.

"ಮಾಯ್!"

ಅತ್ತೆ ಹೊದಿಕೆ ಉಗುಳಿದಳು. "ಹೋದರಾ ಅವರು? 'ಯಾರಾದರೂ ಇದ್ದೀರಾ' ಅಂತ ಅಡುಗೆಮನೆವರೆಗೆ ಬಂದು ಕರೆದರು ಮಾರಾಯ್ತಿ. ನೀನು ಹೇಳಿದ್ದೀಯಲ್ವಾ, ಯಾರು ಕರೆದರೂ ಉಸಿರೆತ್ತಬೇಡಿ ಅಂತ. ನಾನು ಎತ್ತಲೇ ಇಲ್ಲ." ಹೇಳುವಾಗ ಮುದುಕಿಯ ಮುಖದಲ್ಲಿ ಹೆಮ್ಮೆ ಇತ್ತು.

ಡುಲ್ಸಿನ್ ಬರಿಗಾಲಲ್ಲೇ ಗೇಟಿಗೆ ಓಡಿ, ಓಣಿಯ ತುದಿ ದಾಟುತ್ತಿದ್ದ ಕಿತ್ತಳೆ ಜಾಕೆಟ್ಟನ್ನು ಕೂಗಿದಳು.

"ಮನೋರಮಕ್ಕಾ, ನಿಲ್ಲಿ! ಈ ಮನೆಯಲ್ಲಿ ನಾವು ಹೆಂಗಸರು ಇಬ್ಬರೇ! ಗಂಡಸರು ಯಾರೂ ಇಲ್ಲ! ಬರೆದುಕೊಳ್ಳಿ!"

ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದವು. ಅವಳು ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಿದಳು.